ಕಳ್ಳಪೆಟ್ಟಿಗೆಯ ಪಿಳ್ಳೈಯಾರ್ ಸುಳಿ

ಚಿನ್ನಮನೂರು, ೧೯ ನವೆಂಬರ್ ೧೯೯೮, ಗುರುವಾರ

ನಾನು ಮಾಡುವ ಟೈಮರ್‌ಗಳನ್ನು ಮಾರುವ ಕೊಂಬೈ ಊರಿನ ಅಂಗಡಿಯ ಗಣೇಶನ್ ದಿಂಡಿಗಲ್ಲಿನಿಂದ ಬೇರೆ ಯಾವುದೋ ಕಂಪನಿಯ ಹೆಸರಿನ ಪಂಪ್‌ಸೆಟ್ ಟೈಮರ್ ತಂದಿದ್ದ. "ಅಣ್ಣಾ, ಒಳಗಿರೋದು ನಿಮ್ದೇ ತಾನೇ?" ಎಂದ. ಕರೆಂಟ್ ಕೊಟ್ಟೆ. ನಾವು ಯಾವ ಕಾಗದದ ತಲೆಗೂ ಹಾಕುವ ಪಿಳ್ಳೈಯಾರ್ ಸುಳಿ, ಗಣಪತಿಯ ಆ ಗುರುತು, ಕೆಂಪು ದೀಪಗಳಲ್ಲಿ ಹೊತ್ತಿತು. ಪ್ರೋಗ್ರಾಮಿನ ಮೊದಲಿಗೆ ಅದನ್ನು ಇಟ್ಟವನು ನಾನೇ. ಕದ್ದವರು ನನ್ನ ಚಿಪ್‌ನಲ್ಲಿದ್ದುದನ್ನೆಲ್ಲ ಸುಳಿಸಮೇತ ಓದಿ ಇಳಿಸಿಕೊಂಡಿದ್ದಾರೆ.

ಪ್ರೋಗ್ರಾಮಿಗೆ ಲಾಕ್ ಹಾಕಿದ್ದರೆ ಚಿಪ್ ಯಾರಿಗೂ ಓದಲು ಬಿಡುತ್ತಿರಲಿಲ್ಲ. ಹಾಕದೆ ಕಳಿಸಿದ್ದು ಒಂದೇ ಒಂದು. ಅದನ್ನು ಕಳಿಸಿದ ಶುಕ್ರವಾರ ಅಮ್ಮ, "ರಾಹುಕಾಲದಾಗೆ ಪೂಟ್ಟು ಹಾಕಬ್ಯಾಡಪ್ಪಾ" ಎಂದಳು; ಅವಳಿಗೆ ಲಾಕ್ ಅಂದರೆ ಪೂಟ್ಟು, ಬೀಗ. ಆಮೇಲೆ ಹಾಕೋಣವೆಂದು ಬಿಟ್ಟೆ, ಮರೆತೆ. ಮಧ್ಯಾಹ್ನದ ಬಸ್ಸಿಗೆ ಪೆಟ್ಟಿಗೆ ಹಾಗೆಯೇ ಹೋಯಿತು.

ಇವತ್ತು ಸುಳಿ ಕಂಡವಳೇ ಅಮ್ಮ ಆ ಕಳ್ಳಪೆಟ್ಟಿಗೆಗೆ ಕೈಮುಗಿದಳು. "ನಮ್ದು ತಾನೇ, ಕಣ್ಣೂ?"

ಹೌದಮ್ಮಾ ಎಂದೆ. ಮೇಜಿನ ಮೇಲೆ ಮಧ್ಯಾಹ್ನದ ಬಸ್ಸಿಗೆ ಮುನ್ನ ಲಾಕ್ ಹಾಕಬೇಕಾದ ಇಪ್ಪತ್ತು ಚಿಪ್‌ಗಳಿವೆ. ನಾಳೆ ಶುಕ್ರವಾರ.