ಗಂಗವ್ವನಿಗೆ ನಾನು ಕೊಡದ ಎಲೆ

ಪ್ರೀತಿಯ ಕಾಕಾ,

ಕಣಜದ ಹಿಂದೆ ಕುಳಿತ ಕಳ್ಳನ ಕಥೆಯನ್ನು ನನಗೆ ಮೊದಲು ಹೇಳಿದವನು ನೀನು. ನಿನ್ನ ಮಗಳು ಗಂಗವ್ವ ತೊಟ್ಟಿಲಲ್ಲಿದ್ದ ವರ್ಷ, ಕುಲಗೋಡದ ಗಾಣದ ಮನೆಯಲ್ಲಿ, ಬೆಲ್ಲದ ಕೊನೆಯ ಕಡಾಯಿ ಇಳಿದ ಸಂಜೆ. ನಿನಗೆ ಹೇಳಿದವಳು ನಿನ್ನ ಅವ್ವ, ಅಂದರೆ ನನ್ನ ಆಯಿ. "ಕಥಿ ಸುರು ಮಾಡೂಮುಂದ ಮೊದಲ ಯಾರು ಹೇಳಿದ್ರು ಅನ್ನೂದು ಹೇಳಬೇಕು. ಮುಗಸೂಮುಂದ ಕೇಳಿದವರು ಮರುದಿನ ಮುಂಜಾನೆ ಏನ್ ಮಾಡಿದ್ರು ಅನ್ನೂದು ಹೇಳಬೇಕು. ನಡುವ ಎಷ್ಟ ಸುಳ್ಳ ಹೇಳಿದ್ರೂ ನಡೀತೈತಿ" ಎಂದು ನೀನು ನಗುತ್ತಿದ್ದೆ. ಈ ಪತ್ರದ ನಡುವೆ ಸುಳ್ಳಿಲ್ಲ.

ಬೆಳಗಾವಿಯ ಒಂದು ದೊಡ್ಡ ದವಾಖಾನೆಯ ಮೂರನೇ ಮಹಡಿಯಲ್ಲಿ ಬೆಂಚಿನ ಮೇಲೆ ಕುಳಿತಿದ್ದೇನೆ. ಮುಂಜಾನೆ ಎಂಟಕ್ಕೆ ಗಂಗವ್ವನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದರು. ಹೊರಗೆ ಬರುವುದು ಸಂಜೆಯಾಗಬಹುದು ಎಂದಿದ್ದಾರೆ. ನಿನ್ನ ಅಳಿಯ ಎರಡು ಸಲ ಚಹಾ ತಂದ. ಎರಡೂ ಸಲ ಅದು ಕಪ್ಪಿನಲ್ಲೇ ಆರಿತು. ಆ ಬಾಗಿಲು ಕಿರ್ ಎಂದಾಗಲೆಲ್ಲ ನಾವಿಬ್ಬರೂ ಎದ್ದು ನಿಲ್ಲುತ್ತೇವೆ, ಮತ್ತೆ ಕೂರುತ್ತೇವೆ. ನಮ್ಮ ಹೆಸರು ಕೂಗಿದರೆ ಭಯ, ಕೂಗದಿದ್ದರೆ ಇನ್ನೂ ಭಯ. ನೀನಿದ್ದಿದ್ದರೆ ಈ ಹೊತ್ತಿಗೆ ಏನಾದರೂ ಒಂದು ಕಥೆ...

ರವಿವಾರದ ಮುಂಜಾನೆಗಳು ನೆನಪಾಗುತ್ತವೆ. ಕಾಮಣಿಯಾಗಿ ಕಣ್ಣು ಹಳದಿಯಾದವರು ಹಸಿದ ಹೊಟ್ಟೆಯಲ್ಲಿ ನಮ್ಮ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಹುಕ್ಕೇರಿಯಿಂದ, ಮೂಡಲಗಿಯಿಂದ, ಘಟಪ್ರಭಾದಲ್ಲಿ ರೈಲು ಇಳಿದು ಬಂದವರು ಕೂಡ. ನೀನು ಬಿಸಿಲಿಗೆ ಮುಖ ತಿರುಗಿಸಿ, ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದೆ. ಬಲ್ಬಿನ ಬೆಳಕಿನಲ್ಲಿ ಎಂದೂ ನೋಡಲಿಲ್ಲ, ಅದರಲ್ಲಿ ಹಳದಿ ಮೋಸ ಮಾಡುತ್ತದೆ ಎನ್ನುತ್ತಿದ್ದೆ. ಕಡಾಯಿಯ ಮುಂದೆ ನಿಂತು ಬಣ್ಣ ನೋಡಿಯೇ ಬೆಲ್ಲದ ಹದ ಹೇಳುತ್ತಿದ್ದ ಕಣ್ಣು ನಿನ್ನದು. ಔಷಧಿಯ ಎಲೆಯನ್ನು ಕಾಲುವೆ ದಂಡೆಯಿಂದ ಸೂರ್ಯ ಹುಟ್ಟುವ ಮೊದಲು ಹರಿದು ತರಬೇಕು. ಹರಿದಾಗಿನಿಂದ ಅರೆದು ಕೊಡುವವರೆಗೆ ತುಟಿ ಬಿಚ್ಚಬಾರದು. ಮಾತಾಡಿದರೆ ಎಲೆ ಕೆಟ್ಟಿತು, ಚೆಲ್ಲಬೇಕು. ಆ ಎಲೆಯ ಹೆಸರು ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದ್ದೆ. ಇಲ್ಲಿಯೂ ಬರೆಯುವುದಿಲ್ಲ.

ನಿನ್ನದೇ ಕಣ್ಣು ಹಳದಿಯಾದಾಗ ಕನ್ನಡಿ ಹಿಡಿದು ನಿಂತಿದ್ದವನು ನಾನು. ನೀನು ರೆಪ್ಪೆ ಎಳೆದುಕೊಂಡು ನೋಡಿ, "ಬಸು, ನನ್ನ ಪಾಳಿ ಬಂತಲ್ಲೋ" ಎಂದೆ. ನೋವಿರಲಿಲ್ಲ. ಮೈ ತುರಿಸುತ್ತಿತ್ತು, ಅಂಗಿ ಸಡಿಲವಾಗಿತ್ತು. ನಾವು ನಕ್ಕೆವು. ಒಂಬತ್ತು ರವಿವಾರ ನಾನು ಎಲೆ ತಂದೆ, ನೀನು ಕುಡಿದೆ. ಹಳದಿ ಇಳಿಯಲಿಲ್ಲ. ಒಂದು ದಿನ ನೀನು, "ಹರಿಯೂಮುಂದ ಮಾತಾಡಿಯೇನೋ?" ಎಂದು ಕೇಳಿದೆ. ಆಡಿದ್ದೆ, ಕಾಕಾ. ದಂಡೆಯ ಮೇಲೆ ಎದುರಾದ ಒಬ್ಬನಿಗೆ "ಹೂಂ" ಎಂದಿದ್ದೆ. ನಿನಗೆ ಇಲ್ಲವೆಂದೆ. ಎಷ್ಟೋ ದಿನ ಆ ಒಂದು "ಹೂಂ"ನಿಂದಲೇ ನೀನು ಹೋದೆ ಎಂದು ನಂಬಿದ್ದೆ. ನಗಬೇಡ.

ಕೊನೆಗೆ ದವಾಖಾನೆಗೆ ಹೋದ ದಿನ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದಿದ್ದರು. ಹೊರಗೆ ಬಂದು ನಿನಗೂ, ಗಂಗವ್ವನಿಗೂ, ಮನೆ ಮಂದಿಗೆಲ್ಲ "ಪಿತ್ತದಾಗ ಹರಳ ಐತಿ" ಎಂದೆ. ಕಥೆ ಕಟ್ಟುವುದನ್ನು ನೀನೇ ಕಲಿಸಿದ್ದೆಯಲ್ಲ, ಯಾರೂ ಸಂಶಯಪಡಲಿಲ್ಲ. ಪಿತ್ತನಾಳದಲ್ಲಿ ಒಂದು ಸಣ್ಣ ನಳಿಕೆ ಇಟ್ಟರು, ಹಳದಿ ಇಳಿಯಿತು. ನೀನು ಊರೆಲ್ಲ ತಿರುಗಿ "ತಡಾ ಆತು, ಆದ್ರ ಎಲಿ ಹಿಡೀತು ನೋಡ್ರಿ" ಎಂದೆ. ಆ ಸಂತೋಷ ನಾಲ್ಕು ತಿಂಗಳು. ಹರಳಲ್ಲ, ಕಾಕಾ. ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಆ ಹೆಸರನ್ನು ನೀನು ಕೇಳದೆ ಹೋದೆ. ಅಥವಾ ಗೊತ್ತಿತ್ತೇ? ಕೊನೆಯ ವಾರ ನನ್ನ ಕೈ ಹಿಡಿದು, "ಛಲೋ ಕಥಿ ಹೇಳ್ತಿ ನೀ" ಎಂದೆಯಲ್ಲ, ಅದು...

ನಿನ್ನ ನಂತರ ರವಿವಾರದ ಕಟ್ಟೆ ನನಗೆ ಬಂತು. ಬೇಡವೆಂದರೂ ಜನ ಬಂದು ಕೂರುತ್ತಿದ್ದರು. ಎಲೆ ಕುಡಿದು ಹೆಚ್ಚಿನವರು ಗುಣವಾಗುತ್ತಿದ್ದರು. ಹಾಗಾಗಿ ನಾನೂ ಸುಮ್ಮನಿದ್ದೆ. ಮೂರು ವಾರದ ಹಿಂದೆ, ಶನಿವಾರ ಸಂಜೆ, ಗಂಗವ್ವ ಹುಕ್ಕೇರಿಯಿಂದ ಬಂದಳು. ದಣಿವಾಗಿದೆ ಎಂದು ಬೇಗ ಮಲಗಿದಳು. ಬಲ್ಬಿನ ಬೆಳಕು, ನನಗೇನೂ ಕಾಣಲಿಲ್ಲ. ಮರುದಿನ ಅರೆದ ಎಲೆಯ ಬಟ್ಟಲು ಹಿಡಿದು ಕಟ್ಟೆಗೆ ಬಂದರೆ, ಆರು ಮಂದಿಯ ಸಾಲಿನ ಕೊನೆಗೆ ಏಳನೆಯವಳಾಗಿ ಕುಳಿತಿದ್ದಾಳೆ.

"ನೀ ಇಲ್ಲ್ಯಾಕ ಕುಂತಿ?" ಬಟ್ಟಲು ಕೈಯಲ್ಲಿರುವಾಗ ಮಾತಾಡಬಾರದೆಂಬುದೂ ನನಗೆ ಮರೆತಿತ್ತು.

"ಎಲಿ ತಗೊಳ್ಳಾಕ. ತವರಮನಿ ಅಂತ ನಡುವ ತೂರಂಗಿಲ್ಲ. ಪಾಳಿ ಬಂದಾಗ ಕೊಡು."

ಬಿಸಿಲಿಗೆ ಮುಖ ತಿರುಗಿಸಿ ರೆಪ್ಪೆ ಎಳೆದು ನೋಡಿದೆ. ನಿನ್ನ ಕಣ್ಣೇ ಅದು. ಬಣ್ಣವೂ ನಿನ್ನದೇ.

"ನೋವ ಐತೇನು?"

"ಇಲ್ಲ. ಮೈ ತುರಸ್ತೈತಿ. ಕುಬಸ ಎಲ್ಲಾ ಸಡಲ ಆಗ್ಯಾವು. ಸೊರಗಿ ಚೆಂದ ಕಾಣಾಕತ್ತಿ ಅಂತಾರ ನಮ್ಮನಿಯವರು."

ಎದುರಿಗೆ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. "ಇವತ್ತ ಎಲಿ ಇಲ್ಲ" ಎಂದೆ.

"ಮತ್ತ ಕೈಯಾಗಿರೂದೇನು ಬಸಣ್ಣಾ, ಚಟ್ನಿಯೇನು?" ಎಂದ ಸಾಲಿನ ಮೊದಲಿಗೆ ಕೂತಿದ್ದ ರಾಜೇಸಾಬ. ಮೂಡಲಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟವನು, ಎರಡನೇ ಸಲ ಬಂದಿದ್ದ. ಎಲ್ಲರೂ ನಕ್ಕರು, ಗಂಗವ್ವನೂ ನಕ್ಕಳು. ನಾನು ಬಟ್ಟಲನ್ನು ಬೇವಿನ ಗಿಡದ ಬುಡಕ್ಕೆ ಚೆಲ್ಲಿದೆ. ಆಗ ನಗು ನಿಂತಿತು.

ನನಗೆ ಬರುವುದು ಒಂದೇ ಕೆಲಸ. ಕಟ್ಟೆಯ ಮೇಲೆ ಕುಳಿತು ನಿನ್ನ ಕಥೆ ಹೇಳಿದೆ. ಒಂದು ಮನೆಯ ಕಣಜದ ಹಿಂದೆ ಕಳ್ಳ ಬಂದು ಸೇರಿದ. ದಿನಕ್ಕೊಂದು ಹಿಡಿ ಜೋಳ ಕದಿಯುತ್ತಿದ್ದ, ಯಾರಿಗೂ ಗೊತ್ತಿಲ್ಲ. ಮನೆಯ ಕೆಂದನಾಯಿಗೆ ಮಾತ್ರ ವಾಸನೆ ಹತ್ತಿ, ಕಣಜದ ಕಡೆ ಮುಖ ಮಾಡಿ ಬೊಗಳಿತು. ಪಾಪ ಹಸಿದಿದೆ ಎಂದು ಮನೆಯೊಡತಿ ರೊಟ್ಟಿ ಹಾಕಿದಳು. ಮತ್ತೆ ಬೊಗಳಿತು, ತುಪ್ಪ ಸವರಿ ಹಾಕಿದಳು. ನಾಯಿ ಉಂಡು ಮಲಗಿತು, ಮನೆ ಶಾಂತವಾಯಿತು. ಬಿತ್ತನೆಗೆಂದು ಕಣಜದ ಬಾಯಿ ತೆಗೆದ ದಿನ ಒಳಗೆ ಒಂದು ಕಾಳಿಲ್ಲ. ಅಷ್ಟು ಹೇಳಿ, "ಕಣ್ಣ ಹಳದಿ ಆಗೂದಂದ್ರ ಆ ನಾಯಿ ಬೊಗಳಿದಂಗ. ಯಾಕ ಬೊಗಳತೈತಿ ಅಂತ ನೋಡದನ ನಾ ಇಷ್ಟ ದಿನ ನಿಮಗ ರೊಟ್ಟಿ ಹಾಕಾಕತ್ತಿದ್ದೆ" ಎಂದೆ. "ನಾಳಿ ಮುಂಜಾನೆ ಮೊದಲನೇ ಬಸ್ಸಿಗೆ ಘಟಪ್ರಭಾಕ್ಕ ಹೋಗೂಣು. ರಕ್ತಾ ತೋರಸೂಣು, ಹೊಟ್ಟಿ ಸ್ಕ್ಯಾನ್ ಮಾಡಸೂಣು. ನಾನೂ ಬರ್ತೇನಿ."

ಗಂಗವ್ವ ಎದ್ದು ನಿಂತಳು. "ಅಪ್ಪ ಹರಳ ಆಗಿ ಸತ್ತಾ ಅಂತ ನೀನ ಹೇಳಿದ್ದಿ. ಈಗ ಕಳ್ಳ ಅಂತಿ, ಕಣಜ ಅಂತಿ. ಯಾವ ಕಥಿ ಖರೆ ಅಣ್ಣಾ?"

ಎಲ್ಲರ ಮುಂದೆ ಹೇಳಿದೆ. "ಹರಳ ಅಂದದ್ದು ಸುಳ್ಳು. ಅದು ಕ್ಯಾನ್ಸರ್ ಇತ್ತು."

ಅವಳು ಅಳಲಿಲ್ಲ. "ಅಪ್ಪಗ ಸುಳ್ಳ ಹೇಳಿದಾವನ ಮಾತ ನಾ ಯಾಕ ಕೇಳ್ಲಿ? ನನಗೂ ಗಿಡ ಗೊತ್ತೈತಿ. ನಾಳಿ ನಸಿಕಿನ್ಯಾಗ ನಾನ ಹರಕೊಂಡ ಬರ್ತೇನಿ" ಎಂದು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು. ಅವಳು ಹೇಗೆ ಬಂದಳು ಎಂಬುದನ್ನು ಕೊನೆಗೇ ಹೇಳುತ್ತೇನೆ, ನೀನು ಕಲಿಸಿದ ಹಾಗೆ.

ಘಟಪ್ರಭಾದ ಸ್ಕ್ಯಾನಿನಲ್ಲಿ ಗಂಟು ಕಂಡು ಬೆಳಗಾವಿಗೆ ಕಳಿಸಿದರು. ಇಲ್ಲಿಗೆ ಬಂದ ಮೊದಲ ದಿನ ಒಬ್ಬ ಹುಡುಗಿ ಡಾಕ್ಟರು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದಳು. ಜಠರದ ಹಿಂದೆ ಅಡ್ಡಲಾಗಿ ಮಲಗಿದ ಒಂದು ಗ್ರಂಥಿ. ನಿಜವಾಗಿಯೂ ಕಣಜದ ಹಿಂದೆಯೇ, ಕಾಕಾ. ಅದರ ತಲೆಯ ಹತ್ತಿರ ಗಂಟಾದರೆ ಪಿತ್ತನಾಳವನ್ನು ಒತ್ತುತ್ತದೆ, ಕಾಮಣಿ ಆಗುತ್ತದೆ. ಬಾಲದ ಕಡೆ ಆದರೆ ಬಹಳ ದಿನ ಸುಳಿವೇ ಸಿಗದು. "ಹಳದಿ ಆದದ್ದ ಒಂದ್ ನಸೀಬ ಅನ್ರಿ" ಎಂದಳು. ನಾನು ಎಲೆಯ ವಿಷಯ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಕಾಮಣಿ ಬಹಳ ಮಂದಿಗೆ ಲಿವರಿನ ಸೋಂಕಿನಿಂದ ಬರ್ತೈತ್ರಿ. ಅದು ಕೆಲವು ವಾರದಾಗ ತಾನ ಇಳೀತೈತಿ. ನಿಮ್ಮ ಎಲಿಗೆ ಹೆಸರು ಬಂದದ್ದು ಹಂಗ" ಎಂದಳು. ಆ ಮಾತು ಕೇಳಿ ನನಗೆ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ನೀನು ನಂಬಿದ್ದೆ. ನಂಬಿ ನೀನೇ ಕುಡಿದೆ. ಮೋಸಗಾರ ಹಾಗೆ ಮಾಡುತ್ತಾನೆಯೇ?

ಗಂಗವ್ವನ ಗಂಟು ಸಣ್ಣದು, ದೊಡ್ಡ ರಕ್ತನಾಳಗಳನ್ನು ಇನ್ನೂ ಸುತ್ತಿಕೊಂಡಿಲ್ಲ. ನಿನ್ನದು ಸುತ್ತಿಕೊಂಡಿತ್ತು, ಅದಕ್ಕೇ ಆಗ ಕೊಯ್ಯಲು ಬರುವುದಿಲ್ಲ ಎಂದಿದ್ದರು. ಇವಳಿಗೆ ಗ್ರಂಥಿಯ ತಲೆ, ಅದಕ್ಕೆ ಅಂಟಿದ ಕರುಳು, ಪಿತ್ತಕೋಶ ಎಲ್ಲವನ್ನೂ ತೆಗೆದು ಮತ್ತೆ ಜೋಡಿಸಬೇಕಂತೆ. ಆಮೇಲೆ ಕಿಮೋ. ಅಷ್ಟಾದರೂ ತಿರುಗಿ ಬರಬಹುದು ಎಂದು ಮುಚ್ಚಿಡದೆ ಹೇಳಿದರು. ಈ ಗಂಟು ತನ್ನ ಸುತ್ತ ತಾನೇ ಗಟ್ಟಿ ಗೋಡೆಯಂಥದ್ದನ್ನು ಕಟ್ಟಿಕೊಳ್ಳುತ್ತದಂತೆ, ಔಷಧಿ ಒಳಗೆ ಇಳಿಯುವುದೇ ಕಷ್ಟವಂತೆ. ಆ ಗೋಡೆ ದಾಟುವುದು ಹೇಗೆ, ಹಳದಿಯಾಗುವ ಮೊದಲೇ ರಕ್ತದಲ್ಲಿ ಸುಳಿವು ಹಿಡಿಯುವುದು ಹೇಗೆ ಎಂದು ಎಷ್ಟೋ ಕಡೆ ಹುಡುಕುತ್ತಿದ್ದಾರಂತೆ. ತೆಗೆದ ಗಂಟಿನ ಒಂದು ಚೂರನ್ನು ಅಂಥ ಸಂಶೋಧನೆಗೆ ಕೊಡುತ್ತೀರಾ ಎಂದು ನಿನ್ನೆ ಗಂಗವ್ವನನ್ನು ಕೇಳಿದರು. ಅವಳು ಸಹಿ ಹಾಕುತ್ತಾ, "ತಗೋರಿ, ಅದನ್ನ ಮನಿಗೆ ಒಯ್ದು ನಾ ಏನ್ ಉಪ್ಪಿನಕಾಯಿ ಹಾಕ್ಲ್ಯಾ?" ಎಂದಳು. ನಿನ್ನ ಮಗಳು ಹೌದೋ ಅಲ್ಲವೋ?

ಅದೇ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದಳು. "ಅಪ್ಪಾರ ಬಿಟ್ರ ಮನ್ಯಾಗ ಮತ್ತ ಯಾರರ ಹಿಂಗ ಹೋಗ್ಯಾರೇನ್ರಿ?" ಆಯಿ ಹಳದಿಯಾಗಿಯೇ ಹೋದಳಲ್ಲ. ಈ ಕಥೆ ಹೇಳಿದ ಆಯಿ. ಅವಳಿಗೂ ಇದೇ ಆಗಿತ್ತೋ ಏನೋ, ನೋಡಿದವರು ಯಾರಿದ್ದಾರೆ? ಕೆಲವು ಮನೆತನಗಳಲ್ಲಿ ಇದು ರಕ್ತದಲ್ಲೇ ಇಳಿದು ಬರುತ್ತದಂತೆ, ಗಂಗವ್ವನ ರಕ್ತ ಕಳಿಸಿದ್ದಾರೆ, ಬೇಕಾದರೆ ನನ್ನದನ್ನೂ ನೋಡುತ್ತಾರಂತೆ. ಅಂದಿನಿಂದ ದಿನಾ ಮುಂಜಾನೆ ಬಿಸಿಲಿಗೆ ಹೋಗಿ ಕನ್ನಡಿಯಲ್ಲಿ ರೆಪ್ಪೆ ಎಳೆದು ನೋಡಿಕೊಳ್ಳುತ್ತೇನೆ. ಬಿಳಿಯಾಗಿಯೇ ಇದೆ. ಆದರೂ ನಾಯಿ ಬೊಗಳದ ಮನೆಯಲ್ಲಿ ಕಳ್ಳನಿಲ್ಲ ಎಂದು ಯಾರು ಹೇಳಬೇಕು? ರಕ್ತ ಕೊಡುತ್ತೇನೆ, ಕಾಕಾ. ಗಂಗವ್ವ ಹೊರಗೆ ಬರಲಿ, ಅವಳು ನನ್ನ ಮುಖ ನೋಡಲಿ, ಆಮೇಲೆ ಕೊಡುತ್ತೇನೆ. ಇನ್ನು ಯಾರಿಗೂ ಹರಳಿನ ಕಥೆ ಹೇಳುವುದಿಲ್ಲ, ನನಗೆ ನಾನೂ ಹೇಳಿಕೊಳ್ಳುವುದಿಲ್ಲ.

ಈಗ ಆ ಸೋಮವಾರದ ಮುಂಜಾನೆ. ಇನ್ನೂ ಮಬ್ಬಿರುವಾಗಲೇ ಗಂಗವ್ವ ಅಗಳಿ ತೆಗೆದು ಕಾಲುವೆ ಕಡೆ ನಡೆದಳು. ನಾನು ದೂರದಲ್ಲೇ ಹಿಂದೆ ಹೋದೆ. ಕರೆಯಲು ಧೈರ್ಯವಾಗಲಿಲ್ಲ. ದಂಡೆಯ ಮೇಲೆ ಕುಳಿತು ಒಂದೊಂದೇ ಎಲೆ ಹರಿದು ಉಡಿಯಲ್ಲಿ ಹಾಕಿಕೊಂಡಳು, ತುಟಿ ಬಿಗಿದುಕೊಂಡು, ಥೇಟ್ ನಿನ್ನ ಹಾಗೆ. ತಿರುಗಿ ಬರುವ ದಾರಿಯಲ್ಲಿ ಬಸ್ ನಿಲ್ದಾಣ. ಅಲ್ಲಿ ರವಿವಾರ ಕಟ್ಟೆಯ ಮೇಲೆ ಕುಳಿತವರು ನಿಂತಿದ್ದರು. ಐದು ಮಂದಿ, ಹೆಗಲಿಗೆ ಚೀಲ ಹಾಕಿಕೊಂಡು. ಗಂಗವ್ವನನ್ನು ನೋಡಿದರು, ಅವಳ ಉಡಿ ನೋಡಿದರು, ಮಾತಾಡಿಸಲಿಲ್ಲ. ಎಲೆ ಹಿಡಿದವರನ್ನು ಮಾತಾಡಿಸಬಾರದೆಂದು ಅವರಿಗೂ ಗೊತ್ತು. ಅವಳೂ ನಿಂತಳು. ಅಷ್ಟರಲ್ಲಿ ಮೂಡಲಗಿಯಿಂದ ಘಟಪ್ರಭಾಕ್ಕೆ ಹೋಗುವ ಬಸ್ಸು ಬಂತು. ಕಿಟಕಿಯಲ್ಲಿ ರಾಜೇಸಾಬನ ಹಳದಿ ಮುಖ. ಬಾಜೂ ಸೀಟಿನ ಮೇಲೆ ಟವೆಲ್ ಹಾಸಿ ಕೈಯಿಂದ ಒತ್ತಿ ಹಿಡಿದಿದ್ದ.

"ತಂಗೀ, ಸೀಟ ಹಿಡದೇನಿ. ಕಂಡಕ್ಟರ್ ಬೈಯಾಕತ್ತಾನು, ಲಗೂನ ಬಾ" ಎಂದ.

ಗಂಗವ್ವ ಅವನನ್ನು ನೋಡಿದಳು, ಈ ಐವರನ್ನು ನೋಡಿದಳು. ಹಿಂದೆ ನಿಂತಿದ್ದ ನನ್ನ ಕಡೆ ಒಮ್ಮೆ ತಿರುಗಿದಳು. ಉಡಿಯನ್ನು ಎರಡೂ ಕೈಯಿಂದ ಹಿಡಿದೇ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಯಾರೂ ಏನೂ ತಿಂದಿಲ್ಲ ಹೌದಲ್ಲೋ? ರಕ್ತ ಕೊಡಾಕ ಹಸದ ಹೊಟ್ಟೀಲೆ ಹೋಗಬೇಕಂತ."

ಅವಳು ಮಾತಾಡಿಬಿಟ್ಟಳು, ಕಾಕಾ. ಗೊತ್ತಿದ್ದೇ ಮಾತಾಡಿದಳು. ಆಮೇಲೆ ಉಡಿ ಬಿಚ್ಚಿ, ಎಲೆಯನ್ನೆಲ್ಲ ರಸ್ತೆಯ ಬದಿಗೆ ಝಾಡಿಸಿ, ಬಸ್ಸು ಹತ್ತಿ ಆ ಟವೆಲಿನ ಮೇಲೆ ಕುಳಿತಳು.

ನಿನ್ನ
ಬಸು