ಕೆಂಪು ಪಟ್ಟಿ ಇಲ್ಲದ ಬಾವುಟ

ಮಂಗಳವಾರ, ಊಟದ ಬಿಡುವಿನಲ್ಲಿ

ಮೇಷ್ಟ್ರೇ,

ಬೀದಿಯವರೆಲ್ಲ ಕರೆಯುವ ಹಾಗೆ ನಾನೂ ಕರೆಯುತ್ತಿದ್ದೇನೆ. ಮನೆ ಬಿಟ್ಟು ಹೋದ ಗಂಡನನ್ನು ಬೇರೆ ಹೇಗೆ ಕರೆಯಬೇಕೋ ಗೊತ್ತಿಲ್ಲ. ನಿಮ್ಮ ಪತ್ರ ಬಂತು. ಕೆಂಪಿಲ್ಲದ ಆ ಬಟ್ಟೆಯನ್ನು ಮಗನ ಮೇಲೆ ಹೊದಿಸುವುದಾದರೆ ಬರುವುದೇ ಇಲ್ಲ ಎಂದು ಬರೆದಿದ್ದೀರಿ. ಓದಿ ಮೈಯೆಲ್ಲ ಉರಿದುಹೋಯಿತು. ಸತ್ತಿರುವುದು ನಮ್ಮ ಗುಂಡ, ಮೇಷ್ಟ್ರೇ.

ನಿಮಗೆ ಪೂರ್ತಿ ವಿಷಯ ತಿಳಿದಿರಲಿಕ್ಕಿಲ್ಲ. ಶುಕ್ರವಾರ ಬೆಳಿಗ್ಗೆ ಮಿಲಿಟರಿ ಆಸ್ಪತ್ರೆಯ ಅಂಗಳದಲ್ಲಿ, ಶವಪೆಟ್ಟಿಗೆಯ ಮೇಲಿನ ಬಾವುಟವನ್ನು ಅಪ್ಪ ಅಮ್ಮ ಎರಡು ತುದಿ ಹಿಡಿದು ಮಡಚಬೇಕು. ಆಮೇಲೆಯೇ ದೇಹ ನಮ್ಮ ಕೈಗೆ. ಬದುಕಿದ್ದೂ ಒಬ್ಬರು ಬಾರದಿದ್ದರೆ ಹೊಸ ಬಾವುಟವನ್ನು ಧಿಕ್ಕರಿಸಿದ ಹಾಗಂತೆ. ಅವನನ್ನು ಎಲ್ಲೋ ಹೂತುಬಿಡುತ್ತಾರಂತೆ, ಜಾಗವನ್ನೂ ಹೇಳುವುದಿಲ್ಲವಂತೆ. ಅಲ್ಲಿಯ ಗುಮಾಸ್ತ ತಲೆ ಎತ್ತದೆಯೇ, "ಹೇಗಾದ್ರೂ ಮಾಡಿ ಯಜಮಾನ್ರನ್ನ ಕರ್ಕೊಂಡು ಬನ್ನಿ ಅಮ್ಮಾ, ನನ್ನ ಕೈಲೇನೂ ಇಲ್ಲ" ಅಂದ.

ಕೆಂಪು ಯಾಕೆ ಬೇಕು ಎಂದು ನನಗೆ ಪಾಠ ಹೇಳಬೇಡಿ. ಊಟಕ್ಕೆ ಬಡಿಸುವಾಗಲೂ ಕೇಳಿದ್ದೇನೆ. ನೀಲಿ ಅಂದರೆ ಕಡಲು, ಬಿಳಿ ಅಂದರೆ ಉಪ್ಪಿನ ಬಯಲು, ಕೆಂಪು ಅಂದರೆ ಬಂದರಿನ ಗೋಲಿಬಾರಿನಲ್ಲಿ ಬಿದ್ದ ಕೂಲಿಗಳು. ಅವರ ಹೆಂಡಂದಿರು ಆ ರಕ್ತದ ಅಂಗಿಗಳನ್ನು ಹರಿದು ಮೊದಲ ಬಾವುಟ ಹೊಲಿದರು; ಅದರ ಹಿಂದೆ ಊರಿಗೆ ಊರೇ ನಡೆದಾಗ ಪರದೇಶದ ದೊರೆಗಳು ಹಡಗು ಹತ್ತಿದರು. ಈಗ ಗದ್ದುಗೆ ಏರಿದವರಿಗೆ ಕೂಲಿಗಳ ನೆನಪು ಬೇಡ. ಕೆಂಪು ಜಗಳದ ಬಣ್ಣ ಎಂದು ರೇಡಿಯೋದಲ್ಲಿ ಸಾರಿ ಕಿತ್ತುಹಾಕಿದರು. ಗುಂಡ ಗಡಿಯಲ್ಲಿ ಸಾಯುವಾಗ ಮೂರು ಬಣ್ಣವಿತ್ತು, ಊರಿಗೆ ಬರುವಷ್ಟರಲ್ಲಿ ಎರಡಾಯಿತು. ಈ ಕಥೆ ಹೇಳಿ ಹೇಳಿ ಅವನಿಗೆ ಬಾವುಟದ ಹುಚ್ಚು ಹಿಡಿಸಿದವರು ನೀವು. ಅವನು ಮಿಲಿಟರಿಗೆ ಸೇರಿದಾಗ ನಾನು ತಡೆಯಲಿಲ್ಲವೆಂದು ಮುನಿಸಿಕೊಂಡು ಮನೆ ಬಿಟ್ಟವರೂ ನೀವೇ. ಇದ್ಯಾವ ನ್ಯಾಯ?

ಇವತ್ತು ನಮ್ಮ ಬಾವುಟದ ಕಾರ್ಖಾನೆಯಲ್ಲಿ, ಗುಂಡನದನ್ನು ನಾನೇ ಹೊಲಿಯುತ್ತೇನೆ ಎಂದು ಕೇಳಿಕೊಂಡೆ. ಪೆಟ್ಟಿಗೆಯ ಬಾವುಟಕ್ಕೆ ಹಗ್ಗ ತೂರಿಸುವ ಅಂಚು ಇಡುವುದಿಲ್ಲ, ಅದು ಕಂಬ ಏರುವುದಿಲ್ಲವಲ್ಲ. ನೀಲಿ ಆಯಿತು, ಬಿಳಿ ಆಯಿತು, ಕೈ ತನ್ನ ಪಾಡಿಗೆ ತಾನು ಮೂಲೆಯಲ್ಲಿ ಉಳಿದಿದ್ದ ಕೆಂಪನ್ನೂ ಎಳೆದು ಹೊಲಿದುಬಿಟ್ಟಿತು. ಪಕ್ಕದ ಮಿಷನ್ನಿನವಳು ಕಿಟಾರನೆ ಕಿರುಚಿದಳು. ಮೇಸ್ತ್ರಿ ಓಡಿಬಂದು, "ಎಲ್ರನ್ನೂ ಜೈಲಿಗೆ ಕಳಿಸ್ತೀಯೇನಮ್ಮಾ!" ಎಂದು ಕೂಗಾಡಿದರು. ಆಮೇಲೆ ನನ್ನ ಮುಖ ನೋಡಿ, ತಾವೇ ಕೂತು ಹೊಲಿಗೆ ಬಿಚ್ಚಿದರು. ನಾನು ಅಲ್ಲೇ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆ ಎರಡು ಬಣ್ಣ ನನಗೂ ಬೇಡ. ಆದರೂ ಮುಟ್ಟುತ್ತೇನೆ, ಮಡಚುತ್ತೇನೆ, ಬೇಕೆಂದರೆ ಕಣ್ಣಿಗೂ ಒತ್ತಿಕೊಳ್ಳುತ್ತೇನೆ. ನನಗೆ ಮಗ ಬೇಕು. ಹೋಗಿ ಕೂತು ಅಳಲು ಒಂದು ಜಾಗ ಬೇಕು. ಈ ಪತ್ರವನ್ನು ನಿಮ್ಮೂರಿನ ಬಸ್ಸಿನ ಡ್ರೈವರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಗುರುವಾರ ಅವನ ಬಸ್ಸಿಗೇ ಹತ್ತಿ. ನನ್ನ ಜೊತೆ ಮಾತಾಡಬೇಡಿ, ನನ್ನ ಮುಖವನ್ನೂ ನೋಡಬೇಡಿ, ಆ ತುದಿ ಹಿಡಿದು ನಿಂತರೆ ಸಾಕು. ಕಾಲಿಗೆ ಬೀಳುತ್ತೇನೆ, ಬನ್ನಿ.

ದಾರಿ ಕಾಯುತ್ತಿರುವ,
ಗುಂಡನ ಅಮ್ಮ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಪೆಟ್ಟಿಗೆಗೆ ಮೊಳೆ ಹೊಡೆದಿದ್ದಾರೆ, ತೆರೆಯುವ ಹಾಗಿಲ್ಲ. ನಿನ್ನೆ ಆಸ್ಪತ್ರೆಯಲ್ಲಿ ಕಾವಲಿನವನು ಆಚೆ ತಿರುಗಿದಾಗ ಒಂದು ಕಡೆ ಹಿಡಿದು ಎತ್ತಿ ನೋಡಿದೆ. ಸಲೀಸಾಗಿ ಎದ್ದುಬಂತು. ಅಷ್ಟೆತ್ತರದ ಆಳು, ನಮ್ಮ ಗುಂಡ ನನ್ನೊಬ್ಬಳ ಕೈಗೆ ಏಳುವವನೇ, ಮೇಷ್ಟ್ರೇ? ಒಳಗೆ ಎಷ್ಟು ಉಳಿದಿದ್ದಾನೋ. ಅದನ್ನು ಮನೆಗೆ ತರುವಾಗ ನಾನೊಬ್ಬಳೇ ಇರಲಾರೆ.