ಅಳಿಲಿನ ಮೇಲೆ ಹಾಕಿದ್ದು

ಅತ್ತೆಗೆ ಅಳಿಯನ ನಮಸ್ಕಾರ.

ಫೋನ್ ಮಾಡಿದರೆ ನೀವು ಮಾತು ತೇಲಿಸಿಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ನಿಮ್ಮ ತಾರಸಿಯ ಸೋಲಾರ್ ವೈರ್ ಸುಟ್ಟಾಗ, ಅಳಿಲು ಕಡಿದಿದೆ ಅಂದೆನಲ್ಲ, ಅದು ಸುಳ್ಳು. ಕಡಿದಿದ್ದರೆ ಹಲ್ಲಿನ ಗುರುತು ಇರಬೇಕಿತ್ತು. ಎರಡು ವರ್ಷದ ಹಿಂದೆ ನಾನು ವೈರಿಂಗ್ ಮಾಡುವಾಗ, ವೈರ್ ಬಿಗಿದು ಕಟ್ಟುವ, ಬಿಸಿಲು ತಾಳುವ ಕಪ್ಪು ಪ್ಲಾಸ್ಟಿಕ್ ಟ್ಯಾಗ್ ಮುಗಿದುಹೋಗಿತ್ತು. ನಮ್ಮವರ ಮನೆ ತಾನೆ, ಆಮೇಲೆ ಬದಲಾಯಿಸಿದರಾಯ್ತು ಅಂತ, ಮನೆಯೊಳಗೆ ಬಳಸುವ ಬಿಳಿ ಟ್ಯಾಗಿನಲ್ಲೇ ವೈರ್ ಕಟ್ಟಿದೆ. ಬಿಸಿಲಿಗೆ ಅವು ಒಣಕಡ್ಡಿಯ ಹಾಗೆ ಮುರಿದವು. ಜೋತುಬಿದ್ದ ವೈರ್ ಗಾಳಿಗೆ ಪ್ಯಾನೆಲ್ ಸ್ಟ್ಯಾಂಡಿನ ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ, ಸಿಪ್ಪೆ ಹೋಗಿ ಕಿಡಿ ಹಾರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಅಳಿಲು ಸಿಕ್ಕಿತು.

ನೀವು ಹಾಕುವ ಕಡಲೆಬೀಜಕ್ಕೇ ಅಳಿಲು ಬರೋದು ಅಂತ ನಿಮ್ಮ ಮಗ ರೇಗಿ, ತಾರಸಿಗೆ ಬೀಗ ಜಡಿದಾಗಲೂ ನಾನು ಬಾಯಿ ಬಿಡಲಿಲ್ಲ. ಇವತ್ತು ಅವರಿಗೆ ಎಲ್ಲ ಹೇಳಿದ್ದೇನೆ, ಬೈಸಿಕೊಂಡಿದ್ದೇನೆ. ಬೀಗ ತೆಗೆಯುತ್ತಾರೆ. ಭಾನುವಾರ ಬಂದು ಉಳಿದ ಬಿಳಿ ಟ್ಯಾಗನ್ನೆಲ್ಲ ಕಿತ್ತು ಕಪ್ಪು ಹಾಕುತ್ತೇನೆ. ಅಲ್ಲಿವರೆಗೆ ಪ್ಯಾನೆಲ್ ಕೆಳಗೆ ಕೈ ಹಾಕಬೇಡಿ. ಕಡಲೆಬೀಜ ನೀರಿನ ಟ್ಯಾಂಕಿನ ಪಕ್ಕ ಹಾಕಿ.

ಒಂದು ಮಾತು ಮಾತ್ರ ಅವರಿಗೂ ಹೇಳಲಾಗಲಿಲ್ಲ. ಅವತ್ತು ನೀವು ಅಡುಗೆಮನೆ ಬಾಗಿಲಲ್ಲಿ ನಿಂತು, "ನನ್ನಿಂದ ನಿಮ್ಮ ಕೆಲಸ ಕೆಟ್ಟುಹೋಯ್ತಲ್ಲಪ್ಪ, ತಪ್ಪಾಯ್ತು" ಅಂದಿರಿ. ನಾನು, ದೊಡ್ಡ ಮನಸ್ಸಿನವನ ಹಾಗೆ, "ಇರಲಿ ಬಿಡಿ ಅತ್ತೆ" ಅಂದೆ.

ಇತಿ,
ನಿಮ್ಮ ಅಳಿಯ